ಒಬ್ಬೊಬ್ಬರನ್ನೇ ಕರೆಯುತ್ತಾರೆ

ಕಾರ್ಮಿಕರು ಸಂಘ ಕಟ್ಟದಂತೆ ತಡೆಯಲು ಮಾಲೀಕರು ಏನೇನು ಮಾಡುತ್ತಾರೆ ಎಂದು ತಿಳಿಯಲು ಗುಪ್ತ ದಾಖಲೆಗಳೇನೂ ಬೇಕಿಲ್ಲ. ನಮ್ಮ ಸಂಸತ್ತೇ ಅದನ್ನು ಪಟ್ಟಿ ಮಾಡಿ ಕಾನೂನಿನಲ್ಲಿ ಸೇರಿಸಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1982ರಲ್ಲಿ ತಂದ ತಿದ್ದುಪಡಿಯಿಂದ ಬಂದ ಐದನೇ ಅನುಸೂಚಿಯಲ್ಲಿ ಮಾಲೀಕರು ಮಾಡಬಾರದ 16 ಕೆಲಸಗಳಿದ್ದವು. ಸಂಘ ಸೇರಿದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಹೆದರಿಸುವುದು, ಸಂಘ ಬಂದರೆ ಕಾರ್ಖಾನೆಗೆ ಬೀಗ ಹಾಕುತ್ತೇವೆ ಎನ್ನುವುದು, ಸಂಘ ಚಿಗುರುವ ಹೊತ್ತಿಗೆ ಸರಿಯಾಗಿ ಸಂಬಳ ಏರಿಸಿ ಅದರ ಬಲ ಕುಂದಿಸುವುದು, ತಮಗೆ ಬೇಕಾದವರನ್ನು ಸೇರಿಸಿ ಮಾಲೀಕರೇ ಒಂದು ಸಂಘ ಕಟ್ಟಿಸುವುದು, ಆಡಳಿತದ ಅಗತ್ಯದ ನೆಪದಲ್ಲಿ ಮುಂದಾಳುಗಳನ್ನು ದೂರದ ಘಟಕಕ್ಕೆ ವರ್ಗ ಮಾಡುವುದು, ಅರ್ಹತೆ ಮೀರಿದ ಬಡ್ತಿ ಕೊಟ್ಟು ಉಳಿದವರಲ್ಲಿ ಒಡಕು ಹುಟ್ಟಿಸುವುದು, ವರ್ಷಗಟ್ಟಲೆ ದುಡಿದವರನ್ನೂ ಬದಲಿ, ತಾತ್ಕಾಲಿಕ ಎಂದೇ ಇಟ್ಟುಕೊಳ್ಳುವುದು, ಕಾನೂನುಬದ್ಧ ಮುಷ್ಕರ ಮಾಡಿದವರಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವುದು. ಓದುತ್ತಾ ಹೋದರೆ ಪೀಣ್ಯ, ಬೊಮ್ಮನಹಳ್ಳಿ, ಬಿಡದಿ, ಮದ್ದೂರುಗಳ ದಿನಚರಿಯನ್ನೇ ಯಾರೋ ಕುಳಿತು ಬರೆದಂತಿದೆ.

ಇಷ್ಟು ಸ್ಪಷ್ಟವಾದ ಕಾನೂನು ಯಾಕೆ ಕೆಲಸಕ್ಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಅದೇ ಕಾಯ್ದೆಯಲ್ಲಿತ್ತು. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ 34ನೇ ಕಲಮಿನ ಪ್ರಕಾರ ಸರ್ಕಾರ ತಾನೇ ದೂರು ಕೊಟ್ಟರೆ ಅಥವಾ ದೂರಿಗೆ ಅಧಿಕಾರ ಕೊಟ್ಟರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬಹುದಿತ್ತು. ಕೆಲಸ ಕಳೆದುಕೊಂಡ ಹೆಣ್ಣುಮಗಳು ಕೆಲಸ ವಾಪಸ್ ಕೊಡಿಸಿ ಎಂದು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಬಹುದಿತ್ತು, ಅದು ವರ್ಷಗಳ ಹಾದಿ. ತೆಗೆದವರಿಗೆ ಶಿಕ್ಷೆ ಆಗಲಿ ಎಂದು ನೇರವಾಗಿ ಕೇಳುವ ಹಕ್ಕು ಅವಳಿಗಿರಲಿಲ್ಲ. ಬಂಡವಾಳ ತನ್ನಿ ಎಂದು ಕರೆದು ಜಮೀನು ಕೊಟ್ಟ ಸರ್ಕಾರವೇ ಆ ಬಂಡವಾಳಗಾರರ ಮೇಲೆ ಕ್ರಿಮಿನಲ್ ದೂರು ಹೂಡಬೇಕಿತ್ತು. ಹೂಡುವುದಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಪಟ್ಟಿ ಹೆಚ್ಚುಕಡಿಮೆ ಹಾಗೆಯೇ ಅದರ ಎರಡನೇ ಅನುಸೂಚಿಗೆ ವರ್ಗವಾಗಿದೆ.

ಆ ಹದಿನಾರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಒಂದೇ ಉದ್ದೇಶ. ನೂರಾರು ಜನ ಒಟ್ಟಾಗಿ ಕೇಳಬೇಕಾದ ಪ್ರಶ್ನೆಯನ್ನು ಒಬ್ಬೊಬ್ಬರ ಮನೆಯ ತಾಪತ್ರಯವನ್ನಾಗಿ ಮಾಡಿಬಿಡುವುದು. ಹೆದರಿಕೆ, ಆಮಿಷ, ವರ್ಗಾವಣೆ, ಬಡ್ತಿ ಎಲ್ಲವೂ ಕಾರ್ಮಿಕರನ್ನು ಗುಂಪಿನಿಂದ ಬಿಡಿಸಿ ಒಂಟಿಯಾಗಿ ನಿಲ್ಲಿಸುವ ದಾರಿಗಳು. ಆ ಪಟ್ಟಿಯಲ್ಲಿ ಇಲ್ಲದ, ಯಾವ ಕಾನೂನಿಗೂ ಸಿಗದ ಒಂದು ದಾರಿಯೂ ಇದೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ. ಅದನ್ನು ನಾನು ಕೇಳಿದ್ದು ನನ್ನ ಅತ್ತಿಗೆಯ ಬಾಯಿಂದ.

ಅತ್ತಿಗೆ ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಸಾಲಾಗಿ ಮೆಷಿನ್‌ಗಳು, ಒಬ್ಬರು ಕಫ್, ಒಬ್ಬರು ಜೇಬು, ಒಬ್ಬರು ತೋಳು. ಒಬ್ಬರ ಕೈ ತಡವಾದರೆ ಮುಂದಿನವರು ಖಾಲಿ ಕೂರಬೇಕು, ಹಿಂದಿನವರ ಬಳಿ ಪೀಸ್ ರಾಶಿ ಬೀಳುತ್ತದೆ. ಗಂಟೆಗೊಮ್ಮೆ ಸೂಪರ್‌ವೈಸರ್ ಬಂದು ಎಷ್ಟು ಪೀಸ್ ಇಳಿಯಿತೆಂದು ಬ್ಯಾಚಿನ ಮುಂದಿನ ಬೋರ್ಡಿನ ಮೇಲೆ ಬರೆಯುತ್ತಾರೆ. ಹೀಗೆ ದಿನವಿಡೀ ಒಂದೇ ಬಟ್ಟೆಯ ಮೇಲೆ ಕೈಯಿಟ್ಟು ದುಡಿಯುವ ಹೆಂಗಸರು ಒಬ್ಬರ ಜೊತೆ ಒಬ್ಬರು ಮಾತನಾಡುವಂತಿಲ್ಲ. ಮಾತು ಏನಿದ್ದರೂ ಊಟದ ಅರ್ಧ ಗಂಟೆಯಲ್ಲಿ, ಊರಿಗೆ ಹೋಗುವ ಟೆಂಪೊದಲ್ಲಿ.

ಟೆಂಪೊ ನಿಲ್ಲುವ ಜಾಗದಲ್ಲಿ ಯೂನಿಯನ್‌ನವರು ಒಮ್ಮೆ ಕರಪತ್ರ ಹಂಚಿದರು. ಅತ್ತಿಗೆ ಒಂದನ್ನು ತೆಗೆದುಕೊಂಡು ಊಟದ ಚೀಲದಲ್ಲಿ ಮಡಚಿಟ್ಟುಕೊಂಡರು. ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಸೆಕ್ಯುರಿಟಿಯವರು ಅದನ್ನು ನೋಡಿದರು, ಏನೂ ಹೇಳಲಿಲ್ಲ. ಆ ವಾರವೇ, ಕೆಲಸ ಭರದಿಂದ ಸಾಗಿದ್ದ ಹೊತ್ತಿನಲ್ಲಿ, ಎಚ್‌ಆರ್ ಕೋಣೆಗೆ ಕರೆ ಬಂತು. ಅಲ್ಲಿ ಅತ್ತಿಗೆಗಿಂತ ಚಿಕ್ಕ ವಯಸ್ಸಿನ ಅಧಿಕಾರಿ, ಎದ್ದು ಕುರ್ಚಿ ಕೊಟ್ಟರಂತೆ. "ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ಲವೇನಮ್ಮ? ಫೀಸಿಗೆ ಕಷ್ಟವಿದ್ದರೆ ಅಡ್ವಾನ್ಸ್ ಕೇಳಿ, ಕೊಡಿಸುತ್ತೇನೆ. ಏನಿದ್ದರೂ ನನ್ನ ಹತ್ತಿರ ಹೇಳಿ ಅಮ್ಮ, ಹೊರಗಿನವರ ಹತ್ತಿರ ಯಾಕೆ?" ಬೈಗುಳವಿಲ್ಲ, ಬೆದರಿಕೆಯಿಲ್ಲ. ಕರಪತ್ರದ ಮಾತೇ ಇಲ್ಲ. ಅತ್ತಿಗೆ "ಆಗಲಿ ಸರ್" ಎಂದು ಎದ್ದು ಬಂದರು.

ಪೆಟ್ಟು ಬಿದ್ದದ್ದು ಆಮೇಲೆ. ಅಷ್ಟು ಹೊತ್ತು ಅವರ ಮೆಷಿನ್ ನಿಂತಿದ್ದರಿಂದ ಬೋರ್ಡಿನ ಲೆಕ್ಕ ಇಳಿದಿತ್ತು, ಉಳಿದವರ ಮೇಲೆ ಹೊರೆ ಬಿದ್ದಿತ್ತು. ಹಿಂದಿನ ಮೆಷಿನ್‌ನವರು ಮುಖ ನೋಡಿದರು, ಕೇಳಲಿಲ್ಲ. ಸೂಪರ್‌ವೈಸರ್ ಎಲ್ಲರಿಗೂ ಕೇಳುವಂತೆ, "ನಿಮ್ಮ ಅಕ್ಕ ಸಾಹೇಬರ ಹತ್ತಿರ ಮಾತಾಡಿ ಬಂದಿದ್ದಾರೆ" ಎಂದರು. ಅಷ್ಟೇ. ಕೋಣೆಯಲ್ಲಿ ಏನು ಮಾತಾಯಿತು, ಯಾರ ಹೆಸರು ಹೇಳಿದರು, ಬದಲಿಗೆ ಏನು ಸಿಕ್ಕಿತು ಎಂಬ ಶಂಕೆ ಇಡೀ ಸಾಲಿಗೆ ಹರಡಿತು. ಮರುದಿನದಿಂದ ಟೆಂಪೊದಲ್ಲಿ ಅತ್ತಿಗೆ ಕುಳಿತ ಕಡೆ ಮಾತು ಕಡಿಮೆಯಾಯಿತು. ಒಬ್ಬರನ್ನು ಹೆದರಿಸಿದ್ದರೆ ಉಳಿದವರು ಅವರ ಪರ ನಿಲ್ಲುತ್ತಿದ್ದರೇನೋ. ಒಬ್ಬರನ್ನು ಆದರಿಸಿದ್ದರಿಂದ ಉಳಿದವರು ದೂರ ಸರಿದರು. ಕುರ್ಚಿ ಕೊಟ್ಟು ಮಗಳ ಓದು ವಿಚಾರಿಸುವುದನ್ನು ಯಾವ ಅನುಸೂಚಿಯಲ್ಲಿ ಅಪರಾಧ ಎಂದು ಬರೆಯಲಾದೀತು?

ಆ ಸೂಪರ್‌ವೈಸರ್ ಕೂಡ ಕೆಲವು ವರ್ಷಗಳ ಹಿಂದೆ ಟೈಲರ್ ಆಗಿದ್ದವರೇ, ಪಕ್ಕದ ಊರಿನವರೇ. ಬೋರ್ಡಿನ ಲೆಕ್ಕ ಇಳಿದರೆ ಫ್ಲೋರ್ ಇನ್‌ಚಾರ್ಜ್‌ನಿಂದ ಬೈಸಿಕೊಳ್ಳುವವರು ಅವರೇ. ಮೇಲ್ವಿಚಾರಕರ ಈ ಇಕ್ಕಟ್ಟನ್ನು ಅಮೆರಿಕದಲ್ಲಿ ಕಾನೂನೇ ಗಟ್ಟಿ ಮಾಡಿಕೊಟ್ಟಿದೆ. 1947ರ ಟಾಫ್ಟ್–ಹಾರ್ಟ್ಲೆ ಕಾಯ್ದೆ ಮೇಲ್ವಿಚಾರಕರನ್ನು ಸಂಘ ಕಟ್ಟುವ ರಕ್ಷಣೆಯಿಂದ ಹೊರಗಿಟ್ಟಿತು. ಹಾಗಾಗಿ ತನ್ನ ಕೈಕೆಳಗಿನವರನ್ನು ಒಬ್ಬೊಬ್ಬರಾಗಿ ಕರೆದು ಸಂಘ ಬೇಡವೆಂದು ಮನವೊಲಿಸು ಎಂದು ಆಡಳಿತ ಮಂಡಳಿ ಅವರಿಗೆ ಹೇಳಬಹುದು, ಆಗುವುದಿಲ್ಲ ಎಂದವರನ್ನು ತೆಗೆಯಬಹುದು.

ಅಮೆರಿಕದ ಮಾತು ತಂದದ್ದಕ್ಕೆ ಕಾರಣವಿದೆ. ಅಲ್ಲಿ ಸಂಘ ಬೇಕೇ ಬೇಡವೇ ಎಂದು ಗುಪ್ತ ಮತದಾನ ನಡೆಯುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಮಾಲೀಕರಿಗೆ ಸಲಹೆ ಕೊಡಲೆಂದೇ ಬದುಕುವ ಸಂಸ್ಥೆಗಳಿವೆ, ಹಾಗಾಗಿ ಅಲ್ಲಿನ ಉಪಾಯಗಳು ದಾಖಲಾಗಿವೆ. ಕಾರ್ನೆಲ್ ವಿಶ್ವವಿದ್ಯಾಲಯದ ಕೇಟ್ ಬ್ರಾನ್‌ಫೆನ್‌ಬ್ರೆನರ್ 1999ರಿಂದ 2003ರ ನಡುವಿನ ಸುಮಾರು ಸಾವಿರ ಮತದಾನಗಳನ್ನು ಪರಿಶೀಲಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಶೇ 57ರಷ್ಟು ಕಡೆ ಕೆಲಸದ ಜಾಗವನ್ನೇ ಮುಚ್ಚುವ ಬೆದರಿಕೆ ಹಾಕಲಾಗಿತ್ತು. ಶೇ 34ರಷ್ಟು ಕಡೆ ಕಾರ್ಮಿಕರನ್ನು ತೆಗೆದುಹಾಕಲಾಗಿತ್ತು. ಶೇ 63ರಷ್ಟು ಕಡೆ, ಮೇಲ್ವಿಚಾರಕರು ಒಬ್ಬೊಬ್ಬರನ್ನೇ ಕರೆದು ಸಂಘದ ಬಗ್ಗೆ ವಿಚಾರಿಸಿದ್ದರು. ಅತ್ತಿಗೆಯ ಕೋಣೆಯ ಕಥೆ ಕೇಳುವಾಗ ನನಗೆ ನೆನಪಾದದ್ದು ಈ ಕೊನೆಯ ಅಂಕಿ.

ಟೆನೆಸಿ ರಾಜ್ಯದ ಚಾಟನೂಗದಲ್ಲಿರುವ ಫೋಕ್ಸ್‌ವ್ಯಾಗನ್ ಕಾರು ಕಾರ್ಖಾನೆ 2011ರಲ್ಲಿ ಆರಂಭವಾಯಿತು. ಅಲ್ಲಿ 2014ರ ಫೆಬ್ರವರಿಯಲ್ಲಿ ಮೊದಲ ಮತದಾನ ನಡೆದಾಗ ಕಂಪನಿ ತಾನು ತಟಸ್ಥ ಎಂದಿತ್ತು. ಆ ಜಾಗದಲ್ಲಿ ಬೇರೆಯವರು ನಿಂತರು. ಮತದಾನದ ಮೊದಲ ದಿನವೇ ಆ ರಾಜ್ಯದ ಸೆನೆಟರ್ ಬಾಬ್ ಕಾರ್ಕರ್, ಸಂಘ ಸೋತರೆ ಹೊಸ ಎಸ್‌ಯುವಿ ತಯಾರಿಕೆ ಈ ಊರಿಗೇ ಬರುತ್ತದೆಂದು ತನಗೆ ಭರವಸೆ ಸಿಕ್ಕಿದೆ ಎಂದು ಹೇಳಿದರು. ಎರಡಕ್ಕೂ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. ಆದರೆ ಮಾತು ಮನೆಮನೆಗೆ ಮುಟ್ಟಿಯಾಗಿತ್ತು. ಊರಿನ ರಸ್ತೆಗಳಲ್ಲಿ ಡೆಟ್ರಾಯಿಟ್‌ನ ಪಾಳುಬಿದ್ದ ಕಾರ್ಖಾನೆಯ ಚಿತ್ರವಿರುವ ಫಲಕಗಳು ನಿಂತಿದ್ದವು: ಸಂಘ ಬಂದರೆ ನಿಮ್ಮ ಊರೂ ಹೀಗಾಗುತ್ತದೆ ಎಂಬ ಅರ್ಥ. 712 ಮತಗಳು ವಿರುದ್ಧ, 626 ಪರ. 2019ರಲ್ಲಿ ಇನ್ನೊಮ್ಮೆ ಪ್ರಯತ್ನಿಸಿದರು. ಆಗ ರಾಜ್ಯಪಾಲ ಬಿಲ್ ಲೀ ಕಾರ್ಖಾನೆಯ ಒಳಗೇ ಬಂದು ಕಾರ್ಮಿಕರನ್ನು ಉದ್ದೇಶಿಸಿ ಮಾತನಾಡಿದರು. 833 ವಿರುದ್ಧ, 776 ಪರ. ಎರಡು ಸಲವೂ ಕೂದಲೆಳೆಯ ಸೋಲು.

ಕಾರ್ಖಾನೆ ಮುಚ್ಚಿಹೋದೀತು ಎಂಬ ಹೆದರಿಕೆಗೆ ಉಳಿದ ಯಾವ ಹೆದರಿಕೆಯೂ ಸಾಟಿಯಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಒಂದು ಕಡೆ ನಡೆದರೆ ಸಾಕು. ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕದಲ್ಲಿ ಸುಮಾರು 1,200 ಜನ ಎಚ್ ಅಂಡ್ ಎಂ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದರು. ಅವರಲ್ಲಿ ಬಹುಪಾಲು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಸದಸ್ಯರು. ಗಾರ್ಮೆಂಟ್ಸ್ ಲೋಕದಲ್ಲಿ ಅಂಥ ಘಟಕ ಅಪರೂಪ. 2020ರ ಜೂನ್ 6ರಂದು ಅಷ್ಟೂ ಜನರಿಗೆ ಲೇ-ಆಫ್ ಘೋಷಿಸಲಾಯಿತು. ಕೋವಿಡ್‌ನಿಂದ ಆರ್ಡರ್ ಇಲ್ಲ ಎಂದು ಕಂಪನಿ ಹೇಳಿತು. ಹಾಗಿದ್ದರೆ ಉಳಿದ ಘಟಕಗಳನ್ನು ಬಿಟ್ಟು ಸಂಘ ಬಲವಾಗಿದ್ದ ನಮ್ಮ ಘಟಕಕ್ಕೇ ಯಾಕೆ ಎಂದು ಕಾರ್ಮಿಕರು ಕೇಳಿದರು. ಗೇಟಿನ ಮುಂದೆ ಧರಣಿ ಕುಳಿತರು, ವಾರಗಟ್ಟಲೆ ಕುಳಿತರು. ಕೊನೆಗೆ 2021ರ ಆರಂಭದಲ್ಲಿ ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳುವ, ಸಂಘವನ್ನು ಮಾನ್ಯ ಮಾಡುವ ಒಪ್ಪಂದವಾಯಿತು. ಕರ್ನಾಟಕದ ಗಾರ್ಮೆಂಟ್ಸ್ ಚರಿತ್ರೆಯಲ್ಲಿ ಅದು ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ಸುತ್ತಲಿನ ಊರುಗಳಲ್ಲಿ ಜನರ ಮನಸ್ಸಿನಲ್ಲಿ ಉಳಿದದ್ದು ಆ ಒಪ್ಪಂದವಲ್ಲ, ಮುಚ್ಚಿದ ಗೇಟು. ಅತ್ತಿಗೆಯ ಟೆಂಪೊದಲ್ಲಿ ಈಗಲೂ ಯಾರಾದರೂ ಯೂನಿಯನ್ ಎಂದರೆ ಇನ್ನೊಬ್ಬರು ಶ್ರೀರಂಗಪಟ್ಟಣದ ಹೆಸರು ತೆಗೆಯುತ್ತಾರೆ.

ಗ್ರಾಚ್ಯುಟಿಯ ವಿಷಯ ಹೇಳದೆ ಮುಂದೆ ಹೋಗಲಾರೆ. 1972ರ ಕಾಯ್ದೆ ತಂದ, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದ ನಿಯಮದ ಪ್ರಕಾರ ಒಂದೇ ಕಡೆ ಸತತ ಐದು ವರ್ಷ ದುಡಿದವರಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಸಿಗಬೇಕು. ಐದು ವರ್ಷ ತುಂಬುವ ಮುಂಚೆಯೇ ರಾಜೀನಾಮೆ ಬರೆಸಿಕೊಂಡು, ಸ್ವಲ್ಪ ದಿನದ ಮೇಲೆ ಅವರನ್ನೇ ಹೊಸಬರೆಂದು ಸೇರಿಸಿಕೊಳ್ಳುವುದು ನಡೆದುಬಂದಿದೆ ಎಂದು ಬೆಂಗಳೂರಿನ ಗಾರ್ಮೆಂಟ್ಸ್ ಸಂಘಟನೆಗಳು ವರ್ಷಗಳಿಂದ ದೂರುತ್ತಿವೆ. ಹಣ ಉಳಿಸುವ ಉಪಾಯ ಎಂದೇ ಎಲ್ಲರೂ ಇದನ್ನು ನೋಡುತ್ತಾರೆ. ನನಗೆ ಇದು ಸಂಘದ ಬುಡಕ್ಕೇ ಬೀಳುವ ಏಟಾಗಿ ಕಾಣುತ್ತದೆ. ಒಂದು ಫ್ಲೋರಿನಲ್ಲಿ ಹತ್ತು ವರ್ಷ ದುಡಿದ ಹೆಂಗಸಿಗೆ ಎಲ್ಲರ ಪರಿಚಯವಿರುತ್ತದೆ. ಓವರ್‌ಟೈಮ್ ಲೆಕ್ಕ ಎಲ್ಲಿ ತಪ್ಪುತ್ತದೆ, ಇಎಸ್‌ಐ ಕಾರ್ಡ್ ಯಾರಿಗೆ ಬಂದಿಲ್ಲ, ಯಾವ ಸೂಪರ್‌ವೈಸರ್ ಕೈಮೀರುತ್ತಾನೆ ಎಂಬುದೆಲ್ಲ ಗೊತ್ತಿರುತ್ತದೆ. ಹೊಸ ಹುಡುಗಿಯರು ಅವಳ ಮಾತು ಕೇಳುತ್ತಾರೆ. ಅವಳನ್ನೇ ಮತ್ತೆ ಮತ್ತೆ ಹೊಸಬಳನ್ನಾಗಿ ಮಾಡಿದರೆ ಕಾರ್ಖಾನೆಯಲ್ಲಿ ಹಿರಿಯರು ಎಂಬವರೇ ಉಳಿಯುವುದಿಲ್ಲ.

ಇನ್ನೊಂದು ಕಡೆ ಹಾಸ್ಟೆಲ್‌ಗಳು. ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗಿಯರನ್ನು ಕಾರ್ಖಾನೆಯ ವತಿಯಿಂದಲೇ ಹಾಸ್ಟೆಲ್‌ಗಳಲ್ಲಿ ಇರಿಸುತ್ತಾರೆ. ಕೆಲಸ ಮುಗಿದ ಮೇಲೆ ಹೊರಗೆ ಹೋಗಲು ವಾರ್ಡನ್ ಅನುಮತಿ ಬೇಕು. ಅವರಿಗೆ ಕನ್ನಡ ಬಾರದು, ನಮ್ಮವರಿಗೆ ಒಡಿಯಾ ಬಾರದು. ಯೂನಿಯನ್‌ನವರು ಕಾಲಿಡಲಾಗದ ಜಾಗವದು. ಬೆಂಗಳೂರಿನ ಹೆಂಗಸರಿಗೆ ಹೋಲಿಸಿದರೆ ಈ ಹುಡುಗಿಯರು ಎರಡು ಪಟ್ಟು ಒಂಟಿ.

ಇಷ್ಟೆಲ್ಲದರ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಎಂಬ ಮಾತು. ಆಯುಧಪೂಜೆಗೆ ಸಿಹಿ, ಮಹಿಳಾ ದಿನಕ್ಕೆ ರಂಗೋಲಿ ಸ್ಪರ್ಧೆ, ಬಹುಮಾನಕ್ಕೆ ಸ್ಟೀಲ್ ಡಬ್ಬಿ. ಇವು ತಪ್ಪೆಂದು ನಾನು ಹೇಳುವುದಿಲ್ಲ. ದಿನವಿಡೀ ಟಾರ್ಗೆಟ್ ಹಿಂದೆ ಓಡುವವರಿಗೆ ಒಂದು ದಿನ ನಗುವ ಅವಕಾಶ ಸಿಗಲಿ. ಆದರೆ ನೂರು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರುವ ಕಾರ್ಯ ಸಮಿತಿಗೆ ಹಳೆಯ ಕಾಯ್ದೆಯೇ ಅವಕಾಶ ಮಾಡಿತ್ತು. ಅತ್ತಿಗೆಯ ಕಾರ್ಖಾನೆಯಲ್ಲಿ ಅದರ ಸದಸ್ಯರನ್ನು ಆರಿಸಿದ್ದು ಎಚ್‌ಆರ್. ಸಮಿತಿ ಚರ್ಚಿಸುವುದು ಕ್ಯಾಂಟೀನ್ ಸಾರು, ಶೌಚಾಲಯದ ನೀರು. ಸಂಬಳದ ಮಾತು ಬರುವುದಿಲ್ಲ. ಸಂಘ ಯಾಕೆ ಬೇಕು, ಸಮಿತಿ ಇದೆಯಲ್ಲ ಎಂದು ಕೇಳಲು ಮಾತ್ರ ಅದು ಸದಾ ಸಿದ್ಧವಾಗಿರುತ್ತದೆ.

ಇಂಥ ಸಮಿತಿಯ ಬಳಕೆ ಹೇಗೆಂದು ಶ್ರೀಪೆರಂಬುದೂರು ತೋರಿಸಿತು. ಸ್ಯಾಮ್‌ಸಂಗ್ ತನ್ನ ತಾಯ್ನಾಡಿನಲ್ಲಿ ದಶಕಗಳ ಕಾಲ ಸಂಘವಿಲ್ಲದ ಆಡಳಿತವನ್ನೇ ನೀತಿಯಾಗಿ ಇಟ್ಟುಕೊಂಡಿದ್ದ ಕಂಪನಿ. ಸಂಘಟನೆಯನ್ನು ಒಡೆದ ಪ್ರಕರಣದಲ್ಲಿ 2019ರಲ್ಲಿ ಅದರ ಹಿರಿಯ ಅಧಿಕಾರಿಗಳಿಗೆ ಶಿಕ್ಷೆಯಾದ ಮೇಲೆ, 2020ರ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥ ಲೀ ಜೇ-ಯಾಂಗ್ ಸಾರ್ವಜನಿಕವಾಗಿ ಕ್ಷಮೆ ಕೇಳಿ ಆ ನೀತಿ ಇನ್ನಿಲ್ಲ ಎಂದರು. ನಾಲ್ಕು ವರ್ಷದ ನಂತರ ಚೆನ್ನೈ ಬಳಿಯ ಅದೇ ಕಂಪನಿಯ ಕಾರ್ಖಾನೆಯಲ್ಲಿ ಕಾರ್ಮಿಕರು ತಮ್ಮ ಸಂಘಕ್ಕೆ ಮನ್ನಣೆ ಕೇಳಿ 2024ರ ಸೆಪ್ಟೆಂಬರ್ 9ರಂದು ಮುಷ್ಕರ ಹೂಡಬೇಕಾಯಿತು. ಸಂಘದ ಹೆಸರಿನಲ್ಲಿ ಸ್ಯಾಮ್‌ಸಂಗ್ ಎಂದಿರಬಾರದು ಎಂದು ಕಂಪನಿ ನೋಂದಣಿಗೆ ಆಕ್ಷೇಪ ಎತ್ತಿತು. ಅಕ್ಟೋಬರ್‌ನಲ್ಲಿ, ಮುಷ್ಕರ ನಡೆಯುತ್ತಿರುವಾಗಲೇ, ಮುಷ್ಕರದಲ್ಲಿ ಇಲ್ಲದ ಒಂದು ಕಾರ್ಮಿಕ ಸಮಿತಿಯ ಜೊತೆ ಒಪ್ಪಂದವಾಯಿತು, ತಿಂಗಳಿಗೆ 5,000 ರೂಪಾಯಿ ಪ್ರೋತ್ಸಾಹಧನ ಘೋಷಣೆಯಾಯಿತು. ಸರಿಯಾದ ಹೊತ್ತಿಗೆ ಸಂಬಳ ಏರಿಸುವುದು, ಬೇಕಾದ ಸಮಿತಿಯೊಂದಿಗೆ ಮಾತುಕತೆ ನಡೆಸುವುದು: 1982ರ ಪಟ್ಟಿ ಎಚ್ಚರಿಸಿದ್ದ ಎರಡು ಸಂಗತಿಗಳು ಒಂದೇ ದಿನ ನೆನಪಾದವು. ಕಾರ್ಮಿಕರು ಅದಕ್ಕೆ ಬಾಗಲಿಲ್ಲ. ಮುಷ್ಕರ 37 ದಿನ ನಡೆಯಿತು. 2025ರ ಜನವರಿಯಲ್ಲಿ ಅದೇ ಹೆಸರಿನಲ್ಲಿ ಸಂಘ ನೋಂದಣಿಯಾಯಿತು.

ಮುಚ್ಚಳಿಕೆಯದೂ ಇದೇ ಕಥೆ. ಹರಿಯಾಣದ ಮಾನೇಸರದ ಮಾರುತಿ ಕಾರ್ಖಾನೆಯಲ್ಲಿ 2011ರ ಆಗಸ್ಟ್ 29ರಂದು, ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿದವರಿಗೆ ಮಾತ್ರ ಒಳಗೆ ಪ್ರವೇಶ ಎಂದು ಗೇಟಿನಲ್ಲಿ ನೋಟಿಸ್ ಹಚ್ಚಿದರು. ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಸಂಘವಿದ್ದರೂ 2020ರ ನವೆಂಬರ್‌ನ ಲಾಕೌಟ್ ನಂತರ ಅಂಥದ್ದೇ ಮುಚ್ಚಳಿಕೆ ಕೇಳಲಾಯಿತು. ಸಾವಿರಾರು ಜನ ಒಟ್ಟಿಗೆ ಹೊರಗೆ ನಿಂತಿದ್ದಾರೆ. ಕಾಗದದ ಮೇಲೆ ಸಹಿ ಮಾತ್ರ ಒಬ್ಬೊಬ್ಬರದು. ಅಲ್ಲಿಯೂ ಮಾತು ಒಬ್ಬೊಬ್ಬರ ಜೊತೆಗೇ.

ಮೆತ್ತನೆಯ ಮಾತು ಸಾಲದಾದಾಗ ಕೈಯೂ ಎತ್ತುತ್ತಾರೆ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಒಂದು ಘಟಕದಲ್ಲಿ 2018ರ ಏಪ್ರಿಲ್‌ನಲ್ಲಿ ಸಂಬಳ ಹೆಚ್ಚಳ, ಕುಡಿಯುವ ನೀರು ಮುಂತಾದ ಬೇಡಿಕೆಗಳ ಮನವಿ ಸಲ್ಲಿಸಿದವರನ್ನು ಹೊಡೆದು, ಜಾತಿ ಎತ್ತಿ ಬೈದು, ಅಮಾನತು ಮಾಡಲಾಯಿತೆಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ತನ್ನ ತನಿಖಾ ವರದಿಯಲ್ಲಿ ಬರೆಯಿತು. ವಿದೇಶಿ ಬ್ರ್ಯಾಂಡ್‌ಗಳು ಒತ್ತಡ ಹಾಕಿದ ಮೇಲೆ ಅವರನ್ನು ವಾಪಸ್ ತೆಗೆದುಕೊಳ್ಳಲಾಯಿತು. ಕುಡಿಯುವ ನೀರು ಕೇಳಿದ್ದಕ್ಕೆ ಸಿಕ್ಕ ಉತ್ತರವಿದು. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ.

ಸಂಘವನ್ನು ತಡೆದರೆ ಶಾಂತಿ ಸಿಗುತ್ತದೆ ಎಂದು ನಂಬಿದ ಆಡಳಿತ ಮಂಡಳಿಗಳಿಗೆ 2016ರ ಏಪ್ರಿಲ್ 18 ಮತ್ತು 19ನ್ನು ನೆನಪಿಸಬೇಕು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಎಂದರೆ ಮಗಳ ಮದುವೆ, ಮನೆಯ ಸಾಲ, ಆಸ್ಪತ್ರೆಯ ಖರ್ಚು. ಯಾವ ಸಂಘವೂ ಕರೆ ಕೊಡಲಿಲ್ಲ, ಮುಂದಾಳು ಎಂದು ತೋರಿಸಲು ಒಬ್ಬರೂ ಇರಲಿಲ್ಲ. ಹೊಸೂರು ರಸ್ತೆ, ಮೈಸೂರು ರಸ್ತೆ, ಪೀಣ್ಯ ಎಲ್ಲೆಡೆ ಹೆಂಗಸರು ಮೆಷಿನ್ ಬಿಟ್ಟು ಬೀದಿಗಿಳಿದರು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಬಸ್ಸುಗಳು ಸುಟ್ಟವು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಆದದ್ದೂ ಅದೇ ಜಾತಿಯದು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆಯವರು, ಹಲವು ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಕಡಿತವಾಗುತ್ತಿದೆ, ಓವರ್‌ಟೈಮ್ ಬರುತ್ತಿಲ್ಲ ಎಂದು ಯಾರನ್ನು ಕೇಳಬೇಕೆಂಬುದೇ ಅವರಿಗೆ ತಿಳಿಯಲಿಲ್ಲ. ಏಜೆನ್ಸಿ ಕಂಪನಿಯತ್ತ ಕೈ ತೋರಿಸಿತು, ಕಂಪನಿ ಏಜೆನ್ಸಿಯತ್ತ. ರಾತ್ರಿ ಪಾಳಿ ಮುಗಿಸಿದವರು ಬೆಳಗಾಗುವ ಹೊತ್ತಿಗೆ ಗಾಜು ಒಡೆದಿದ್ದರು. ಆಮೇಲೆ ಕಂಪನಿ ಸಂಬಳದಲ್ಲಿ ತಪ್ಪಾಗಿದೆ ಎಂದು ಒಪ್ಪಿ ಕ್ಷಮೆ ಕೇಳಿತು. ಆ ತಪ್ಪನ್ನು ಹೇಳಲು ಅಧಿಕೃತವಾದ ಒಂದು ಬಾಯಿ ಇದ್ದಿದ್ದರೆ ಗಾಜು ಒಡೆಯುವ ಮುಂಚೆಯೇ ಅದು ಗೊತ್ತಾಗುತ್ತಿತ್ತು.

ಮಾಲೀಕರ ಮಾತಿನಲ್ಲೂ ಹುರುಳಿದೆ. ಗಾರ್ಮೆಂಟ್ಸ್ ಮಾಲೀಕರ ಕತ್ತಿನ ಮೇಲೆ ಬ್ರ್ಯಾಂಡ್‌ಗಳ ಕೈಯಿದೆ: ಒಂದು ಶರ್ಟಿಗೆ ಕೊಡುವ ಬೆಲೆ ಏರುವುದಿಲ್ಲ, ಆರ್ಡರ್ ಇವತ್ತು ಇಲ್ಲಿ, ನಾಳೆ ಬಾಂಗ್ಲಾದೇಶಕ್ಕೆ. ಸಂಘಗಳೂ ಎಲ್ಲ ಸಲ ಸರಿಯಾಗಿ ನಡೆದುಕೊಂಡಿಲ್ಲ. ಮಾನೇಸರದಲ್ಲಿ 2012ರ ಜುಲೈ 18ರ ಗಲಭೆಯಲ್ಲಿ ಅವನೀಶ್ ಕುಮಾರ್ ದೇವ್ ಎಂಬ ಎಚ್‌ಆರ್ ಅಧಿಕಾರಿ ಪ್ರಾಣ ಕಳೆದುಕೊಂಡರು. ನಾನು ಮೊದಲು ಬರೆದ ಮುಚ್ಚಳಿಕೆ, ನೋಂದಣಿಗೆ ತಡೆ ಇವು ಯಾವುದೂ ಆ ಸಾವನ್ನು ಸಮರ್ಥಿಸುವುದಿಲ್ಲ. ಆದರೂ ಸಂಘ ಬಂದರೆ ಊರು ಪಾಳು ಬೀಳುತ್ತದೆ ಎಂಬ ಮಾತನ್ನು ಬೆಂಗಳೂರಿನವರು ನಂಬಬೇಕಾಗಿಲ್ಲ. ಈ ಊರನ್ನು ಕಟ್ಟಿದ್ದೇ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಗಳ ಕಾರ್ಮಿಕರು, ಅವರೆಲ್ಲ ಸಂಘದ ಸದಸ್ಯರು. 1980–81ರಲ್ಲಿ ಅವರು ಎರಡು ತಿಂಗಳಿಗೂ ಹೆಚ್ಚು ಕಾಲ ಒಟ್ಟಿಗೆ ಮುಷ್ಕರ ಹೂಡಿದ್ದರು. ಆ ಸಂಬಳದಲ್ಲಿ ಓದಿದ ಮಕ್ಕಳು ಮುಂದೆ ಎಂಜಿನಿಯರ್‌ಗಳಾದರು, ಸಾಫ್ಟ್‌ವೇರ್ ಕಂಪನಿಗಳನ್ನು ತುಂಬಿದರು. ಅದೇ ನಗರದ ಲಕ್ಷಾಂತರ ಗಾರ್ಮೆಂಟ್ಸ್ ಹೆಂಗಸರು ಮಾತ್ರ ಕರಪತ್ರವನ್ನು ಊಟದ ಚೀಲದಲ್ಲಿ ಬಚ್ಚಿಡಬೇಕಾಗಿದೆ.

ಹೊಸ ಸಂಹಿತೆ ಈ ಒಂಟಿತನವನ್ನು ಕಡಿಮೆ ಮಾಡುತ್ತದೆಯೇ? ಹಲವು ಸಂಘಗಳಿರುವ ಕಾರ್ಖಾನೆಯಲ್ಲಿ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಹಕ್ಕು ಸಿಗುತ್ತದೆ ಎಂಬುದು ಒಳ್ಳೆಯದೇ. ಮನ್ನಣೆಯ ದಾರಿ ಕೇಂದ್ರ ಕಾನೂನಿನಲ್ಲಿ ಈಗ ಬಂದಿದೆ. ಆದರೆ ಎಣಿಕೆ ಕಾರ್ಖಾನೆಯ ಹಾಜರಿ ಪುಸ್ತಕದಿಂದ. ಗುತ್ತಿಗೆಯವರ ಹೆಸರಿರುವುದು ಗುತ್ತಿಗೆದಾರರ ಪುಸ್ತಕದಲ್ಲಿ. ಮುಚ್ಚಲು, ಲೇ-ಆಫ್ ಮಾಡಲು ಸರ್ಕಾರದ ಅನುಮತಿ ಬೇಕಾಗುತ್ತಿದ್ದುದು ನೂರು ಜನರಿದ್ದ ಕಾರ್ಖಾನೆಗೆ. ಈಗ ಮುನ್ನೂರು ಜನರಿದ್ದರೆ ಮಾತ್ರ. ಮುಚ್ಚುವ ಹೆದರಿಕೆ ಸಣ್ಣ ಘಟಕಗಳಲ್ಲಿ ಇನ್ನೂ ಸುಲಭವಾಗಿದೆ.

ಚಾಟನೂಗದಲ್ಲಿ ಮೂರನೇ ಮತದಾನ 2024ರ ಏಪ್ರಿಲ್‌ನಲ್ಲಿ ನಡೆಯಿತು. 2,628 ಪರ, 985 ವಿರುದ್ಧ. ಈ ಸಲವೂ ದಕ್ಷಿಣದ ಆರು ರಾಜ್ಯಪಾಲರು ಸಂಘ ಬೇಡವೆಂದು ಹೇಳಿಕೆ ಕೊಟ್ಟಿದ್ದರು. ಬದಲಾದದ್ದು ಕಾರ್ಖಾನೆಯ ಒಳಗೆ. ಸಂಘ ಮೊದಲೇ ಒಂದು ಲೆಕ್ಕ ಹಾಕಿಕೊಂಡಿತ್ತು: ಶೇ 30ರಷ್ಟು ಜನ ಸಹಿ ಹಾಕುವವರೆಗೆ ಬಹಿರಂಗವಾಗಿ ಬರುವುದಿಲ್ಲ, ಶೇ 50 ಆದಾಗ ಸಭೆ, ಶೇ 70 ಆದ ಮೇಲೆ ಮತದಾನಕ್ಕೆ ಅರ್ಜಿ. ಆ ಸಹಿಗಳನ್ನು ಸಂಗ್ರಹಿಸಿದವರು ಅದೇ ಸಾಲಿನಲ್ಲಿ ದುಡಿಯುವವರು. ಒಬ್ಬೊಬ್ಬರನ್ನೇ ಕರೆದು ಮಾತನಾಡಿಸುವ ಕೆಲಸವನ್ನು ಮೇಲ್ವಿಚಾರಕರಿಗಿಂತ ಮುಂಚೆ ಅವರೇ ಮಾಡಿ ಮುಗಿಸಿದ್ದರು. ಅವರಿಗೆ ಅದು ಸಾಧ್ಯವಾದದ್ದಕ್ಕೆ ಒಂದು ಹಳೆಯ ತೀರ್ಪೂ ಕಾರಣ. 1945ರಲ್ಲಿ ರಿಪಬ್ಲಿಕ್ ಏವಿಯೇಷನ್ ಎಂಬ ವಿಮಾನ ಕಾರ್ಖಾನೆಯ ಪ್ರಕರಣದಲ್ಲಿ, ಊಟದ ಬಿಡುವಿನಲ್ಲಿ ಸಂಘದ ಅರ್ಜಿ ಹಂಚಿದ ಕಾರ್ಮಿಕನನ್ನು ತೆಗೆದದ್ದು ತಪ್ಪು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಕೆಲಸದ ಹೊತ್ತು ಮಾಲೀಕರದು, ಬಿಡುವಿನ ಹೊತ್ತು ಕಾರ್ಮಿಕರದು ಎಂಬುದು ಅಂದಿನಿಂದ ಅಲ್ಲಿನ ಕಾನೂನು. ಮಾಲೀಕರಿಗೆ ಅಷ್ಟೊಂದು ಸ್ವಾತಂತ್ರ್ಯ ಕೊಟ್ಟ ದೇಶದಲ್ಲೂ ಈ ಒಂದು ಜಾಗ ಉಳಿದುಕೊಂಡಿದೆ.

ನಮ್ಮ ಸಂಹಿತೆಯ ಅಡಿಯಲ್ಲಿ ನಿಯಮಗಳನ್ನು ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಇದೆ. ಅದರಲ್ಲಿ ಎರಡು ಸಾಲು ಸೇರಬೇಕೆಂದು ಕಾರ್ಮಿಕ ಇಲಾಖೆಗೆ ಬರೆದಿದ್ದೇನೆ. ಊಟದ ಬಿಡುವಿನಲ್ಲಿ ಕ್ಯಾಂಟೀನಿನಲ್ಲಿ ಸಂಘದ ಅರ್ಜಿ ಹಂಚಿದವರ ಮೇಲೆ ಶಿಸ್ತುಕ್ರಮ ಕೈಗೊಳ್ಳುವಂತಿಲ್ಲ ಎಂಬುದು ಒಂದು. ನೋಂದಣಿಗೆಂದು ಕೊಟ್ಟ ಸಹಿಗಳ ಪಟ್ಟಿ ಯಾವ ಕಾರಣಕ್ಕೂ ಆಡಳಿತ ಮಂಡಳಿಯ ಮೇಜಿಗೆ ಹೋಗುವಂತಿಲ್ಲ ಎಂಬುದು ಇನ್ನೊಂದು. ಅತ್ತಿಗೆಗೆ ಓದಿ ಹೇಳಿದೆ. ಮೂರನೆಯದನ್ನು ಅವರು ಸೇರಿಸಿದರು: ಕೆಲಸದ ಹೊತ್ತಿನಲ್ಲಿ ಎಚ್‌ಆರ್ ಕೋಣೆಗೆ ಕರೆದರೆ ಜೊತೆಗೆ ಇನ್ನೊಬ್ಬಳನ್ನು ಕರೆದುಕೊಂಡು ಹೋಗುವ ಹಕ್ಕು ಬೇಕು. ಅದನ್ನೂ ಬರೆದು ಕಳಿಸಿದ್ದೇನೆ.